ಕಾಲು ಪಾಲಿನ ವ್ಯಾಖ್ಯಾನ

ಸಾಹಿತ್ಯದ ವಿದ್ಯಾರ್ಥಿಗಳು ಕಾಯ್ದೆಗಳನ್ನು ಓದುವುದು ಕಡಿಮೆ. ಓದಿದರೂ ಯಾವುದೋ ಕಾದಂಬರಿಯ ಹಿನ್ನೆಲೆ ತಿಳಿಯಲೆಂದು ಓದಿ, ಅಡಿಟಿಪ್ಪಣಿಯಲ್ಲಿ ಒಂದು ಇಸವಿ ಹಾಕಿ ಮುಂದೆ ಹೋಗುತ್ತೇವೆ. ಕಾಯ್ದೆಯನ್ನೇ ಒಂದು ಪಠ್ಯವೆಂದು ತಿಳಿದು ಅದರ ಒಂದೊಂದು ಪದದ ಮುಂದೆ ನಿಲ್ಲುವ ಅಭ್ಯಾಸ ನಮ್ಮ ಕನ್ನಡ ವಿಭಾಗಗಳಲ್ಲಿ ಬೆಳೆದಿಲ್ಲ. ಸಂಶೋಧನೆಯ ನೆಪದಲ್ಲಿ ನಾನು ಹಾಗೆ ಓದತೊಡಗಿದ ಪಠ್ಯ ಮೈಸೂರು ಸಂಸ್ಥಾನದ 1933ರ 10ನೇ ಕಾಯ್ದೆ. ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳನ್ನು ಕುರಿತದ್ದು. ಅಂದು ಕೋಲಾರ ಜಿಲ್ಲೆಯೊಳಗಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಿಂದೂ ಮನೆಗಳಲ್ಲಿ, ಗಂಡಸರು ಕೂತು ಆಸ್ತಿ ಹಂಚಿಕೊಳ್ಳುವಾಗ ಮದುವೆಯಾಗದ ತಂಗಿಗೂ ಒಂದು ಪಾಲು ಇದೆ ಎಂದು ಸರ್ಕಾರಿ ಕಾಗದದ ಮೇಲೆ ಬಂದದ್ದು ಈ ಕಾಯ್ದೆಯಿಂದ. ಬ್ರಿಟಿಷ್ ಇಂಡಿಯಾ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟದ್ದು ನಾಲ್ಕು ವರ್ಷಗಳ ಮೇಲೆ, 1937ರಲ್ಲಿ. ಆ ಕಾಯ್ದೆಯೂ ವಿಧವೆಯನ್ನು ಕಂಡಿತು, ಮಗಳನ್ನು ಕಾಣಲಿಲ್ಲ.

ಕಾಯ್ದೆಯ ಹಿಂದೆ ಇದ್ದವರು ಕೆ. ಎಸ್. ಚಂದ್ರಶೇಖರ ಅಯ್ಯರ್. ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು. ಹಿಂದೂ ಕಾನೂನಿನಲ್ಲಿ ಹೆಂಗಸರ ಸ್ಥಿತಿಯನ್ನು ಪರಿಶೀಲಿಸಲು ಸಂಸ್ಥಾನ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಸಮಿತಿಯ ವರದಿ 1930ರದು. ಅವರ ಬದುಕಿನ ವಿವರಗಳಿಗಿಂತ ನನ್ನನ್ನು ಹಿಡಿದದ್ದು ಈ ಕಾಯ್ದೆಯ ಹಿಂದಿರುವ ಓದುವ ರೀತಿ. ನ್ಯಾಯಾಧೀಶನೂ ಒಂದು ಅರ್ಥದಲ್ಲಿ ವಿಮರ್ಶಕನೇ. ಹಳೆಯ ಪಠ್ಯವೊಂದು ಅವನ ಮುಂದೆ ಇರುತ್ತದೆ, ಹಲವರು ಅದಕ್ಕೆ ಹಲವು ಅರ್ಥ ಹೇಳಿರುತ್ತಾರೆ, ಅವುಗಳಲ್ಲಿ ಒಂದನ್ನು ಆರಿಸಿ ಯಾಕೆ ಎಂದು ಹೇಳಬೇಕು. ನಮ್ಮ ಆಯ್ಕೆ ತಪ್ಪಿದರೆ ಒಂದು ಸೆಮಿನಾರು ಕೆಡುತ್ತದೆ. ಅವನದು ತಪ್ಪಿದರೆ ಯಾರದೋ ಜಮೀನು ಹೋಗುತ್ತದೆ.

ಮೈಸೂರು ಸಂಸ್ಥಾನಕ್ಕೆ ಇಂಥ ಕಾಯ್ದೆ ಹೊಸತಲ್ಲ. 1894ರಲ್ಲೇ ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ಶಿಕ್ಷಾರ್ಹ ಮಾಡಿತ್ತು. 1909ರಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಪದ್ಧತಿಗೆ ಕೈಹಾಕಿತ್ತು. ಆದರೆ ಅವೆರಡೂ ‘ಹೀಗೆ ಮಾಡಬೇಡಿ’ ಎನ್ನುವ ಕ್ರಮಗಳು. 1933ರದು ‘ಇಷ್ಟು ಕೊಡಿ’ ಎನ್ನುತ್ತದೆ. ಬೇಡ ಎನ್ನುವ ಕಾನೂನನ್ನು ಊರು ಹೇಗೋ ಸಹಿಸಿಕೊಳ್ಳುತ್ತದೆ. ಕೊಡಿ ಎನ್ನುವ ಕಾನೂನು ಬಂದರೆ ಊರು ಎದ್ದು ಕೂರುತ್ತದೆ.

ಎಷ್ಟು ಕೊಡಬೇಕು? ಕಾಯ್ದೆಯ 8ನೇ ಕಲಂ ಅದನ್ನು ಹೇಳುತ್ತದೆ. ಒಟ್ಟು ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಗೆ, ಅವಳ ಗಂಡ ಬದುಕಿದ್ದರೆ ಅವನಿಗೆ ಬರುತ್ತಿದ್ದುದರಲ್ಲಿ ಅರ್ಧ. ತಾಯಿಗೆ ಮಗನ ಪಾಲಿನ ಅರ್ಧ. ಮದುವೆಯಾಗದ ಮಗಳಿಗೆ ಅಥವಾ ತಂಗಿಗೆ ಅಣ್ಣತಮ್ಮಂದಿರಲ್ಲಿ ಒಬ್ಬನ ಪಾಲಿನ ನಾಲ್ಕನೇ ಒಂದು. ಮನೆಯಲ್ಲಿ ಒಬ್ಬನೇ ಗಂಡಸು ಉಳಿದು ಎಲ್ಲವೂ ತಾನಾಗಿಯೇ ಅವನ ಕೈಸೇರುವ ಸಂದರ್ಭದಲ್ಲೂ ಈ ಹೆಂಗಸರ ಪಾಲಿಗೆ ಒಳಪಟ್ಟೇ ಅದು ಸೇರಬೇಕು. ಈ ಕೊನೆಯ ಮಾತು ಮುಖ್ಯ. ಪಾಲು ಕೇಳಲು ಇನ್ನೊಬ್ಬ ಗಂಡಸೇ ಇಲ್ಲದ ಮನೆಯಲ್ಲಿ ಹೆಂಗಸರ ಪಾಲಿನ ಪ್ರಶ್ನೆಯೇ ಏಳುವುದಿಲ್ಲ ಎಂಬ ವಾದವನ್ನು ಅದು ಮೊದಲೇ ಮುಚ್ಚಿಹಾಕಿತು.

ಅರ್ಧ ಇರಲಿ. ಈ ‘ನಾಲ್ಕನೇ ಒಂದು’ ಎಲ್ಲಿಂದ ಬಂತು? ಸಮಾನ ಎನ್ನಬಹುದಿತ್ತು, ಅರ್ಧ ಎನ್ನಬಹುದಿತ್ತು. ಕಾಲೇ ಏಕೆ? ಸ್ಮೃತಿಗಳನ್ನು ಸ್ವಲ್ಪ ಓದಿದವರಿಗೆ ಈ ಸಂಖ್ಯೆ ಕೂಡಲೇ ಗುರುತು ಸಿಗುತ್ತದೆ. ತಂದೆಯಿಲ್ಲದ ಮನೆಯಲ್ಲಿ ಅಣ್ಣತಮ್ಮಂದಿರು ತಂಗಿಯರಿಗೆ ತಮ್ಮ ಪಾಲಿನ ಕಾಲು ಭಾಗ ಕೊಡಬೇಕೆಂಬ ಮಾತು ಮನುವಿನಲ್ಲೂ ಯಾಜ್ಞವಲ್ಕ್ಯನಲ್ಲೂ ಇದೆ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೇ ವಿಕ್ರಮಾದಿತ್ಯನ ಕಾಲದವನು. ಕಲ್ಯಾಣ ಎಂದರೆ ನಮಗೆ ಮೊದಲು ನೆನಪಾಗುವುದು ವಚನಗಳು. ಅದೇ ಊರಿನಲ್ಲಿ ಅದಕ್ಕೂ ಮುಂಚೆ ಸಂಸ್ಕೃತದಲ್ಲಿ ಬರೆದ ಒಂದು ಗದ್ಯ ವ್ಯಾಖ್ಯಾನ, ಬಂಗಾಳ ಅಸ್ಸಾಮುಗಳನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಕಾನೂನಿಗೆ ಆಧಾರವಾಗಿ ಕೂತಿತು. ಅದನ್ನು ನಾವು ಕರ್ನಾಟಕದ ಪಠ್ಯವೆಂದು ಓದುವುದೇ ಇಲ್ಲ.

ಈ ಕಾಲು ಪಾಲಿನ ಬಗ್ಗೆ ವಿಜ್ಞಾನೇಶ್ವರನ ಮುಂದೆ ಎರಡು ಓದುಗಳಿದ್ದವು. ಒಂದು ಭಾರುಚಿಯದು: ಕಾಲು ಎಂಬುದನ್ನು ಅಕ್ಷರಶಃ ಹಿಡಿಯಬೇಕಿಲ್ಲ, ಹುಡುಗಿಯ ಮದುವೆಗೆ ಬೇಕಾದಷ್ಟು ಹಣ ಕೊಟ್ಟರೆ ಸಾಕು. ಇನ್ನೊಂದು ಅಸಹಾಯ, ಮೇಧಾತಿಥಿ ಮೊದಲಾದವರದು: ಕಾಲು ಎಂದರೆ ಕಾಲೇ. ಅದು ಖರ್ಚಲ್ಲ, ಪಾಲು. ವಿಜ್ಞಾನೇಶ್ವರ ಎರಡನೆಯದನ್ನು ಎತ್ತಿಹಿಡಿದು, ಭಾರುಚಿಯ ಹೆಸರನ್ನೇ ಹೇಳಿ ಅವನ ಓದನ್ನು ತಳ್ಳಿಹಾಕುತ್ತಾನೆ. ಕೊಡದ ಅಣ್ಣಂದಿರು ಪತಿತರಾಗುತ್ತಾರೆಂದು ಮನು ಹೇಳಿರುವಾಗ ಅದು ಬರಿಯ ಖರ್ಚಿನ ಮಾತು ಹೇಗಾದೀತು ಎಂಬುದು ಅವನ ತರ್ಕ. ಒಂದು ಪದ ನಿಜವಾಗಿ ಏನು ಹೇಳುತ್ತದೆ ಎಂದು ಹಟ ಹಿಡಿಯುವುದೂ ನ್ಯಾಯದ ಕೆಲಸವಾಗಬಲ್ಲದು ಎಂಬುದಕ್ಕೆ ನಾನು ಕಂಡ ಒಳ್ಳೆಯ ಉದಾಹರಣೆ ಇದು.

ಆಮೇಲೆ ಆದದ್ದು ವಿಚಿತ್ರ. 1810ರಲ್ಲಿ ಕೋಲ್‌ಬ್ರೂಕ್ ಈ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಬ್ರಿಟಿಷ್ ನ್ಯಾಯಾಲಯಗಳು ಮಿತಾಕ್ಷರಾ ಕಾನೂನು ಎಂಬ ಹೆಸರನ್ನು ಉಳಿಸಿಕೊಂಡವು, ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಬರುವ ಹಕ್ಕನ್ನು ಉಳಿಸಿಕೊಂಡವು, ತಂಗಿಯ ಕಾಲು ಪಾಲನ್ನು ಮಾತ್ರ ಬಳಕೆ ತಪ್ಪಿದ್ದೆಂದು ಬದಿಗಿಟ್ಟವು. ಅವಳಿಗೆ ಉಳಿದದ್ದು ಅನ್ನವಸ್ತ್ರ ಮತ್ತು ಮದುವೆ ಖರ್ಚು. ಅಂದರೆ ವಿಜ್ಞಾನೇಶ್ವರನ ಹೆಸರಿನಲ್ಲಿ ಭಾರುಚಿಯ ತೀರ್ಪು. ದಕ್ಷಿಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಲಿನ ಕಾಲಕ್ಕೆ ತಾಯಿಗೂ ಪಾಲಿಲ್ಲ ಎಂದಾಯಿತು. ಸ್ತ್ರೀಧನದ ಕಥೆಯೂ ಇದೇ. ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ಎಲ್ಲವನ್ನೂ ವಿಜ್ಞಾನೇಶ್ವರ ಸ್ತ್ರೀಧನದೊಳಗೆ ತಂದಿದ್ದ. 1903ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಹೆಣ್ಣಿಗೆ ವಾರಸಿನಿಂದ ಬಂದದ್ದು ಅವಳ ಸ್ತ್ರೀಧನವಲ್ಲ ಎಂದು ಹೇಳಿತು.

ಈ ಹಿನ್ನೆಲೆಯಲ್ಲಿ ಇಟ್ಟು ಓದಿದರೆ ಮೈಸೂರಿನ ಕಾಯ್ದೆ ಸುಧಾರಣೆಯಂತೆ ಕಾಣುವುದಿಲ್ಲ. ಪಾಠಪರಿಷ್ಕರಣೆಯಂತೆ ಕಾಣುತ್ತದೆ. ಗ್ರಂಥ ಸಂಪಾದಕ ಲಿಪಿಕಾರರು ಬಿಟ್ಟ ಸಾಲನ್ನು ಹುಡುಕಿ ಮತ್ತೆ ಸೇರಿಸುವಂತೆ, ಕೋರ್ಟುಗಳು ಬಿಟ್ಟ ಕಾಲನ್ನು ಅದು ಮತ್ತೆ ಸೇರಿಸಿತು. ಸ್ತ್ರೀಧನದ ವ್ಯಾಖ್ಯೆಯನ್ನು ಹಿಗ್ಗಿಸಿತು. ಹೊಸದನ್ನು ತಂದಿಲ್ಲ, ನಿಮ್ಮದೇ ಗ್ರಂಥದಲ್ಲಿ ಇದ್ದುದನ್ನು ನಿಮಗೇ ಒಪ್ಪಿಸುತ್ತಿದ್ದೇವೆ ಎಂಬ ಧಾಟಿ ಅದರದು. ಧರ್ಮ ಕೆಟ್ಟಿತು ಎಂದು ಕೂಗುವವರ ಕೈಯಿಂದ ಧರ್ಮಗ್ರಂಥವನ್ನೇ ತೆಗೆದುಕೊಂಡಂತೆ.

ಜೊತೆಗೆ ಒಂದು ಸಣ್ಣ ಕೈಚಳಕವೂ ಇದೆ. ಲೆಕ್ಕ ಮಾಡಿ ನೋಡಿ. ತಂದೆತಾಯಿ ಇಲ್ಲದ ಮನೆ, ಒಬ್ಬ ಅಣ್ಣ, ಮದುವೆಯಾಗದ ಒಬ್ಬಳು ತಂಗಿ, ಐದು ಎಕರೆ ಜಮೀನು, ಅಂದರೆ 200 ಗುಂಟೆ. ವಿಜ್ಞಾನೇಶ್ವರ ಮೊದಲು ಅದನ್ನು ಎರಡು ಸಮಪಾಲು ಮಾಡಿ, ಒಂದು ಪಾಲನ್ನು ನಾಲ್ಕು ಮಾಡಿ, ಅದರಲ್ಲಿ ಒಂದನ್ನು ತಂಗಿಗೆ ಕೊಡುತ್ತಾನೆ. ಒಟ್ಟಿನಲ್ಲಿ ಎಂಟನೇ ಒಂದು, 25 ಗುಂಟೆ. 1933ರ ಕಾಯ್ದೆ ‘ಅಣ್ಣನ ಪಾಲಿನ ಕಾಲು’ ಎನ್ನುತ್ತದೆ. ಆ ಮಾತಿನಂತೆ ಹೋದರೆ ಅಣ್ಣನಿಗೆ ನಾಲ್ಕು, ತಂಗಿಗೆ ಒಂದು. ಒಟ್ಟಿನಲ್ಲಿ ಐದನೇ ಒಂದು, 40 ಗುಂಟೆ. ಹಳೆಯ ಮಾತನ್ನೇ ಉಳಿಸಿಕೊಂಡು ಹದಿನೈದು ಗುಂಟೆ ಹೆಚ್ಚಾಗಿದೆ. ಹದಿನೈದು ಗುಂಟೆ ಎಂದರೆ ಏನೂ ಅಲ್ಲ ಎನ್ನುವವರು ಶಿಡ್ಲಘಟ್ಟದ ಕಡೆ ಬಂದು ಹಿಪ್ಪುನೇರಳೆ ಕಡ್ಡಿ ನೆಟ್ಟವರನ್ನು ಕೇಳಬೇಕು.

ಇದೇ ಕೆಲಸ ಬೇರೆ ಕಡೆ ಬೇರೆ ರೀತಿ ನಡೆದಿದೆ. ಅಮೆರಿಕದ ವಯೋಮಿಂಗ್ ಪ್ರಾಂತ 1869ರಲ್ಲಿ ಹೆಂಗಸರಿಗೆ ಮತದ ಹಕ್ಕನ್ನೂ, ಮದುವೆಯಾದವಳಿಗೆ ತನ್ನದೇ ಆಸ್ತಿಯ ಹಕ್ಕನ್ನೂ ಕೊಟ್ಟಿತು. ಅಲ್ಲಿನ ನ್ಯಾಯಾಧೀಶರಾದ ಹೋವ್, ಕಿಂಗ್‌ಮನ್ ಅದರ ಬೆನ್ನಿಗೆ ನಿಂತರು. 1870ರಲ್ಲಿ ಲಾರಮಿಯಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂತರು, ಎಸ್ತರ್ ಮಾರಿಸ್ ಎಂಬಾಕೆ ಜಸ್ಟಿಸ್ ಆಫ್ ದಿ ಪೀಸ್ ಆದಳು. ಅದು ಬಿಳಿಯರು ಆಗತಾನೆ ಬಂದು ನೆಲೆಸುತ್ತಿದ್ದ ಪ್ರಾಂತ, ಶಾಸನಸಭೆಯೂ ಹೊಸದು. ಹೊಸ ಹಾಳೆಯ ಮೇಲೆ ಹೊಸದಾಗಿ ಬರೆಯುವ ಅನುಕೂಲ ಅವರಿಗಿತ್ತು. ಮೈಸೂರಿನ ಹಾಳೆಯ ಮೇಲೆ ಆಗಲೇ ಎಂಟು ನೂರು ವರ್ಷದ ಬರಹ ಇತ್ತು. ಅದರ ಅಂಚಿನಲ್ಲಿ ಬರೆಯಬೇಕು. ನಮ್ಮಲ್ಲಿ ಕೆಲವರಿಗೆ ಅಂಚಿನ ಬರಹ ಅಂಜಿಕೆಯ ಬರಹದಂತೆ ಕಾಣುತ್ತದೆ. ನನಗೆ ಹಾಗೆನ್ನಿಸುವುದಿಲ್ಲ. ವ್ಯಾಖ್ಯಾನದ ದಾರಿ ಹಿಡಿದಿದ್ದರಿಂದಲೇ ಈ ಕಾಯ್ದೆ ಕಾಯ್ದೆಯಾಯಿತು. ಹಿಡಿಯದಿದ್ದರೆ ಏನಾಗುತ್ತಿತ್ತು ಎಂಬುದು ಮುಂದೆ ದೆಹಲಿಯಲ್ಲಿ ಗೊತ್ತಾಯಿತು.

ಆದರೆ ಆ ದಾರಿಗೆ ಒಂದು ಸುಂಕವಿತ್ತು. ಹಳೆಯ ಗ್ರಂಥದಿಂದ ಕಾಲನ್ನು ತಂದವರು ಅದಕ್ಕೆ ಅಂಟಿಕೊಂಡಿದ್ದ ‘ಅವಿವಾಹಿತ’ ಎಂಬ ಪದವನ್ನೂ ತಂದರು. ಕಾಯ್ದೆಯ ಪ್ರಕಾರ ಮಗಳು ಪಾಲುದಾರಳಾಗಿರುವುದು ಮದುವೆಯ ಹಿಂದಿನ ದಿನದವರೆಗೆ. 1933ರ ಕೋಲಾರ ಜಿಲ್ಲೆಯಲ್ಲಿ ಹದಿನೈದು ಹದಿನಾರು ದಾಟಿದ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಪಾಲಿಗೆ ಕೂರುವ ಅಣ್ಣಂದಿರು ಎಷ್ಟು ಜನ ಇದ್ದಾರು? ಮದುವೆ ಮುಗಿಸಿ, ಆಮೇಲೆ ಪಾಲುಪಾರಿಕತ್ತು ಬರೆಸಿದರೆ ಕಾಯ್ದೆಯ ಬಾಯಿ ಮುಚ್ಚಿತು. ತಾನಾಗಿ ಎದ್ದು ಪಾಲು ಮಾಡಿ ಎನ್ನುವ ಅಧಿಕಾರ ಅವಳಿಗಿರಲಿಲ್ಲ. ಗಂಡಸರು ಮಾಡಿದಾಗ, ಅವರು ಮಾಡಿದರೆ ಮಾತ್ರ. ಹೀಗೆ ಭಾರುಚಿಯನ್ನು ಮುಂಬಾಗಿಲಲ್ಲಿ ತಡೆದ ಪಠ್ಯ ಅವನಿಗೆ ಹಿತ್ತಲ ಬಾಗಿಲನ್ನು ತೆರೆದೇ ಇಟ್ಟಿತ್ತು.

ನಮ್ಮ ಕಥನ ಸಾಹಿತ್ಯದ ಓದಿನಲ್ಲಿ ಈ ಲೆಕ್ಕಾಚಾರ ಎಲ್ಲಿದೆ ಎಂದು ಹುಡುಕಿದರೆ ನಿರಾಸೆಯಾಗುತ್ತದೆ. ‘ಇಂದಿರಾಬಾಯಿ’ಯಿಂದ (1899) ‘ಫಣಿಯಮ್ಮ’ದವರೆಗೆ (1976) ವಿಧವೆಯ ಬಗ್ಗೆ ಬರೆದದ್ದು ಬೇಕಾದಷ್ಟಿದೆ, ಅದನ್ನು ಕುರಿತ ವಿಮರ್ಶೆಯೂ ಇದೆ. ಆದರೆ ವಿಮರ್ಶೆ ಮತ್ತೆ ಮತ್ತೆ ನಿಲ್ಲುವುದು ತಲೆ ಬೋಳಿಸುವುದರ ಮೇಲೆ, ಮರುಮದುವೆಯ ಮೇಲೆ, ದೇಹದ ಮೇಲೆ. ಅವಳು ಊಟ ಮಾಡುವ ಅಕ್ಕಿ ಯಾವ ಗದ್ದೆಯದು, ಆ ಗದ್ದೆ ಯಾರ ಹೆಸರಿನಲ್ಲಿದೆ ಎಂದು ಕೇಳುವ ಲೇಖನಗಳು ಬೆರಳೆಣಿಕೆಯಷ್ಟೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಗಳ ವಿಷಯವಂತೂ ಇನ್ನೂ ಕಡಿಮೆ. ತವರು ನಮ್ಮ ಸಾಹಿತ್ಯದಲ್ಲಿ ಭಾವದ ಜಾಗ. ಜಮೀನಿರುವ ಜಾಗ ಎಂದು ಅದನ್ನು ಓದಲು ನಮಗೆ ಸಂಕೋಚ.

ವ್ಯಾಖ್ಯಾನದ ದಾರಿಯನ್ನು ಬಿಟ್ಟು ನೇರವಾಗಿ ಹೊಸ ಪಠ್ಯವನ್ನೇ ಬರೆಯಲು ಹೊರಟ ಕನ್ನಡ ನಾಡಿನ ಇನ್ನೊಬ್ಬ ನ್ಯಾಯಾಧೀಶ ಬೆನಗಲ್ ನರಸಿಂಗರಾವ್. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಕೇಂಬ್ರಿಜ್‌ನ ಟ್ರಿನಿಟಿಯಲ್ಲಿ ಓದಿ ಐ.ಸಿ.ಎಸ್. ಸೇರಿ, ಬಂಗಾಳ ಅಸ್ಸಾಮುಗಳಲ್ಲಿ ಕೆಲಸ ಮಾಡಿ ಕಲಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದವರು. ಸಂವಿಧಾನ ಸಭೆಯ ಸಲಹೆಗಾರರೆಂದು ನಮಗೆ ಅವರು ಗೊತ್ತು. ಅದಕ್ಕೂ ಮೊದಲು, 1941ರಲ್ಲಿ, ಆ 1937ರ ಕಾಯ್ದೆಯ ತೊಡಕುಗಳನ್ನು ಬಿಡಿಸಲೆಂದು ನೇಮಕವಾದ ಹಿಂದೂ ಕಾನೂನು ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಸಮಿತಿಗೆ 1944ರಲ್ಲಿ ಮತ್ತೆ ಜೀವ ಬಂತು, ಅದು ಊರೂರು ತಿರುಗಿ ಸಾಕ್ಷ್ಯ ಕೇಳಿತು, ಕೆಲವೆಡೆ ಕಪ್ಪು ಬಾವುಟಗಳನ್ನೂ ಕಂಡಿತು. ಕೊನೆಗೆ 1947ರಲ್ಲಿ ಒಪ್ಪಿಸಿದ ಕರಡಿನಲ್ಲಿ ಮಿತಾಕ್ಷರಾದ ಹೃದಯವನ್ನೇ ತೆಗೆದುಬಿಟ್ಟಿತ್ತು. ಗಂಡುಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕೇ ಇಲ್ಲ, ಮಗಳಿಗೆ ಮಗನ ಅರ್ಧದಷ್ಟು, ಹೆಂಗಸಿಗೆ ಬಂದ ಆಸ್ತಿ ಪೂರ್ತಿ ಅವಳದೇ. ನಮ್ಮ 200 ಗುಂಟೆಯ ಲೆಕ್ಕದಲ್ಲಿ ತಂಗಿಗೆ ಸುಮಾರು 67 ಗುಂಟೆ. ಸಮಿತಿಯೊಳಗೇ ಭಿನ್ನಮತವಿತ್ತು, ಕಲಕತ್ತಾದ ಇನ್ನೊಬ್ಬ ನ್ಯಾಯಾಧೀಶ ದ್ವಾರಕಾನಾಥ ಮಿತ್ತರ್ ಒಪ್ಪಲಿಲ್ಲ. ಮುಂದೆ ಅಂಬೇಡ್ಕರ್ ಕೈಯಲ್ಲಿ ಮಗಳ ಅರ್ಧ ಪೂರ್ತಿಯಾಯಿತು. ಮಸೂದೆ ಮುಂದೆ ಸಾಗದೆ 1951ರಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ನರಸಿಂಗರಾಯರು ವಿಶ್ವಸಂಸ್ಥೆಯಲ್ಲಿದ್ದರು. ಆಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು, 1953ರಲ್ಲಿ ತೀರಿಕೊಂಡರು.

1956ರ ಉತ್ತರಾಧಿಕಾರ ಕಾಯ್ದೆಯನ್ನು ಅವರು ನೋಡಲಿಲ್ಲ. ನೋಡಿದ್ದರೆ ತಾವು ತೆಗೆದಿದ್ದ ಹುಟ್ಟಿನ ಹಕ್ಕು ಗಂಡುಮಕ್ಕಳಿಗೆ ಮತ್ತೆ ಸೇರಿಕೊಂಡದ್ದನ್ನು ಕಾಣುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಅವನ ಪಾಲಿಗೆ ಬರುವಷ್ಟರಲ್ಲಿ ಮಗಳಿಗೆ ಮಗನ ಸಮ, ಮದುವೆಯಾಗಿದ್ದರೂ ಸಮ. ಇದು ಸಣ್ಣದಲ್ಲ. ನಮ್ಮ ಮನೆಯಲ್ಲಿ ತಂಗಿಗೆ 50 ಗುಂಟೆ. ಆದರೆ ತಂದೆ ಬದುಕಿರುವಾಗಲೇ ಅಪ್ಪಮಗ ಕೂತು ಪಾಲು ಮಾಡಿಕೊಂಡರೆ? 1933ರ ಪಠ್ಯದಲ್ಲಿ ಅಂಥ ಪಾಲಿನಲ್ಲೂ ಮದುವೆಯಾಗದ ಮಗಳಿಗೆ ಜಾಗವಿತ್ತು. 1956ರ ಪಠ್ಯದಲ್ಲಿ ಆ ಜಾಗ ಖಾಲಿ. ಇಡೀ ದೇಶಕ್ಕೆ ಬಂದ ಮುನ್ನಡೆಯ ಒಳಗೆ ಹಳೆ ಮೈಸೂರಿನ ಮಟ್ಟಿಗೆ ಹೀಗೊಂದು ಹಿನ್ನಡೆ ಸೇರಿಕೊಂಡಿತ್ತು. ಸ್ತ್ರೀವಾದದ ಚರಿತ್ರೆ ಬರೆಯುವ ನಮ್ಮ ಪುಸ್ತಕಗಳು 1956ನ್ನು ಬರೀ ಮೈಲಿಗಲ್ಲೆಂದು ನಿಲ್ಲಿಸಿ ಮುಂದೆ ಸಾಗುವುದು ನನಗೆ ಒಪ್ಪಿಗೆಯಿಲ್ಲ.

ಗೌರಿಬಿದನೂರಿನವರಿಗೆ ಈ ಹಿನ್ನಡೆ ಮುನ್ನಡೆಗಳ ಆಟ ಗಡಿಯಾಚೆಯೇ ಕಾಣುತ್ತದೆ. ಹಿಂದೂಪುರಕ್ಕೂ ಇಲ್ಲಿಗೂ ಹೆಣ್ಣು ಕೊಟ್ಟು ತರುವುದು ಎಂದಿನಿಂದಲೂ ಉಂಟು. ಎರಡೂ ಕಡೆ ತೆಲುಗು ಕನ್ನಡ ಬೆರೆತ ಮಾತು. 1933ರಲ್ಲಿ ಹಿಂದೂಪುರ ಮದರಾಸು ಪ್ರಾಂತದ ಅನಂತಪುರ ಜಿಲ್ಲೆಯಲ್ಲಿತ್ತು. ಈಚೆ ಮನೆಯ ತಂಗಿಗೆ ಕಾಲು ಪಾಲು, ಆಚೆ ಮನೆಯವಳಿಗೆ ಮದುವೆ ಖರ್ಚು. 1985ಕ್ಕೆ ತಕ್ಕಡಿ ಅತ್ತ ವಾಲಿತು. ಆಂಧ್ರ ತನ್ನ ತಿದ್ದುಪಡಿಯಿಂದ ಮಗಳನ್ನೂ ಹುಟ್ಟಿನಿಂದ ಪಾಲುದಾರಳನ್ನಾಗಿ ಮಾಡಿತು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಎರಡರಲ್ಲೂ ಆ ಹಳೆಯ ಪದ ಕೂತೇ ಇತ್ತು. ತಿದ್ದುಪಡಿಯ ಹೊತ್ತಿಗೆ ಮದುವೆಯಾಗಿದ್ದವರಿಗೆ ಇದು ಅನ್ವಯಿಸದು. ‘ಅವಿವಾಹಿತ’ ಕಾನೂನಿನ ಪುಟದಿಂದ ಅಳಿಸಿಹೋಗಲು 2005ರ ಕೇಂದ್ರ ತಿದ್ದುಪಡಿಯೇ ಬರಬೇಕಾಯಿತು. ತಂದೆ ಆ ದಿನ ಬದುಕಿರಬೇಕೇ ಬೇಡವೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ತೀರಿಸಿತು. ಈಗ ನಮ್ಮ ತಂಗಿಗೆ 100 ಗುಂಟೆ.

ಪುಟದ ಮೇಲೆ. ನಂದಿ ಬೆಟ್ಟದ ಸುತ್ತ, ಬೆಂಗಳೂರಿನ ರಸ್ತೆ ಅಗಲವಾದ ಕಡೆಯೆಲ್ಲ ಜಮೀನಿನ ಬೆಲೆ ಏರಿದ ಮೇಲೆ, ಕೊಳ್ಳುವವರ ವಕೀಲರು ಹೆಣ್ಣುಮಕ್ಕಳ ಸಹಿ ಇಲ್ಲದೆ ಮುಂದೆ ಹೆಜ್ಜೆ ಇಡುವುದಿಲ್ಲ. ವಂಶವೃಕ್ಷ ತೆಗೆಸುತ್ತಾರೆ. (ಭೈರಪ್ಪನವರ ಕಾದಂಬರಿ ಅಲ್ಲ, ನಾಡಕಚೇರಿಯದು.) ಅದರಲ್ಲಿ ಮೂವತ್ತು ವರ್ಷದ ಹಿಂದೆ ಕೊಟ್ಟ ಹೆಣ್ಣುಮಕ್ಕಳ ಹೆಸರೂ ಇರಬೇಕು. ಆಗ ಅಣ್ಣಂದಿರಿಗೆ ತಂಗಿಯರ ನೆನಪಾಗುತ್ತದೆ. ಕಾರು ಕಳಿಸುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು, ಫೋಟೋ. ನನ್ನ ದೊಡ್ಡಮ್ಮನೂ ಹೀಗೊಮ್ಮೆ ಹೋಗಿ ಬಂದರು. ಯಾಕೆ ಸೈನ್ ಹಾಕಿದೆ ದೊಡ್ಡಮ್ಮ ಅಂದೆ.

“ನಮ್ ಪಾಲು ಮದ್ವೇಲೇ ಕೊಟ್ರಲ್ಲಮ್ಮ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಗೌರಿ ಹಬ್ಬಕ್ಕೆ ಕರಿಯೋರು ಬೇಡ್ವಾ?” ಅಂದರು.

ಎರಡನೆಯ ಮಾತು ನನ್ನನ್ನು ಬಹಳ ದಿನ ಕಾಡಿತು, ಆದರೆ ವಿಮರ್ಶೆಗೆ ಬೇಕಾದದ್ದು ಮೊದಲನೆಯದು. ಅದು ಭಾರುಚಿಯ ವಾಕ್ಯ. ಕಾಲು ಎಂದರೆ ಪಾಲಲ್ಲ, ಮದುವೆಯ ಖರ್ಚು. ಕಲ್ಯಾಣದಲ್ಲಿ ಸೋತ, ಮೈಸೂರಿನಲ್ಲಿ ಸೋತ, 2005ರಲ್ಲಿ ಪಾರ್ಲಿಮೆಂಟಿನಲ್ಲೂ ಸೋತ ಓದು ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಸೋತೇ ಇಲ್ಲ. ಅದನ್ನು ನಡೆಸಿಕೊಂಡು ಬರುತ್ತಿರುವವರು ಬರೀ ಅಣ್ಣಂದಿರಲ್ಲ. ಪತ್ರಬರಹಗಾರರ ಗದ್ಯವೂ ಅದೇ ಓದನ್ನು ಉಳಿಸಿಕೊಂಡಿದೆ. ಹಕ್ಕು ಖುಲಾಸೆ ಪತ್ರಗಳಲ್ಲಿ ಮದುವೆ ಕಾಲದಲ್ಲಿ ಕೊಟ್ಟದ್ದರ ಉಲ್ಲೇಖ, ಅರಿಸಿನ ಕುಂಕುಮದ ಬಾಬ್ತು ಒಂದು ಮೊತ್ತ, ಸ್ವಇಚ್ಛೆಯಿಂದ ಎಂಬ ಒಂದು ಪದ, ಇವು ಸಾಮಾನ್ಯ. ತೆಲುಗು ಮನೆಗಳಲ್ಲಿ ಇದಕ್ಕೇ ಪಸುಪು ಕುಂಕುಮ ಎನ್ನುತ್ತಾರೆ. ಕೆಲವು ಕಡೆ ಅದು ನಿಜಕ್ಕೂ ಮಗಳ ಹೆಸರಿಗೆ ಬರೆದುಕೊಡುವ ಜಮೀನೇ ಆಗಿತ್ತು, ಈಗೀಗ ಕವರಿನಲ್ಲಿ ಇಟ್ಟ ನೋಟು. ಒಂದೇ ಪದ, ಎರಡು ಓದು. ವಿಜ್ಞಾನೇಶ್ವರ ಎದುರಿಸಿದ್ದೂ ಇದನ್ನೇ.

ಚಂದ್ರಶೇಖರ ಅಯ್ಯರ್ ಸಮಿತಿಯ ವರದಿಯ ಪಕ್ಕದಲ್ಲಿ ಈ ಖುಲಾಸೆ ಪತ್ರಗಳನ್ನು ಇಟ್ಟು ಓದಬೇಕು ಎಂಬುದು ನನ್ನ ಈಗಿನ ಆಸೆ. ಹಳೆ ಮೈಸೂರಿನ ಜಮೀನು ವ್ಯಾಜ್ಯಗಳಲ್ಲಿ, 1956ಕ್ಕೆ ಮೊದಲು ತೀರಿಕೊಂಡವರ ಆಸ್ತಿಯ ಮಾತು ಬಂದಾಗ, ವಕೀಲರು ಇಂದಿಗೂ 1933ರ 8ನೇ ಕಲಮನ್ನು ತೆಗೆಯುತ್ತಾರೆ. ಆಗ ಮದುವೆಯಾಗದೆ ಇದ್ದ ಯಾವುದೋ ಅಜ್ಜಿಯ ಕಾಲು ಪಾಲು ಮೊಮ್ಮಕ್ಕಳ ದಾವೆಯಲ್ಲಿ ಎದ್ದುಬರುತ್ತದೆ. ಅವಳು ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಪಹಣಿಯಲ್ಲಿ ಅವಳ ಹೆಸರಿಲ್ಲ. ಕಾಯ್ದೆಯಲ್ಲಿ ಮಾತ್ರ ಅವಳ ನಲವತ್ತು ಗುಂಟೆ ಇದೆ.